ಮನೆಗೆ ಮರದ ನೆಲ: ಮೊದಲ ಸಲ ಕೈ ಹಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆ ಮನೆ ಎಂದರೆ ಕಾಂಕ್ರೀಟ್ ನೆಲ, ಅದರ ಮೇಲೆ ಟೈಲ್ಸ್, ಗ್ರಾನೈಟ್ ಅಥವಾ ಹಳೆಯ ರೆಡ್ ಆಕ್ಸೈಡ್. ಮರದ ನೆಲದ ಬಗ್ಗೆ ಸಿಗುವ ವಿಡಿಯೋಗಳಲ್ಲಿ ಬಹುಪಾಲು ಮರದ ತೊಲೆಗಳ ಮೇಲೆ ಕಟ್ಟಿದ ಮನೆಗಳಿಗೆ ಮಾಡಿದವು, ಅದನ್ನೇ ನೋಡಿ ಇಲ್ಲಿ ಮಾಡಿದರೆ ಎಡವುವುದು ಖಂಡಿತ. ನಮ್ಮಲ್ಲಿ ಹಲಗೆ ಹೊಡೆಯುವುದು ಎರಡು ಮೂರು ದಿನದ ಕೆಲಸ. ಕೆಳಗಿನ ನೆಲ ಒಣಗಿದೆಯೇ, ಮಟ್ಟವಾಗಿದೆಯೇ, ಹಲಗೆ ಹದಕ್ಕೆ ಬಂದಿದೆಯೇ ಎಂದು ನೋಡುವುದಕ್ಕೇ ಎರಡು ವಾರ ಬೇಕು. ಲೆಕ್ಕಗಳನ್ನೆಲ್ಲ 12 × 14 ಅಡಿಯ ಒಂದೇ ಕೋಣೆಗೆ ಹಾಕಿದ್ದೇವೆ. ನಿಮ್ಮ ಅಳತೆಗೆ ಹೊಂದಿಸಿಕೊಳ್ಳಿ.

ಅಂಗಡಿಯವರು ಎಲ್ಲಾದನ್ನೂ ವುಡನ್ ಫ್ಲೋರಿಂಗ್ ಅಂತಾರೆ. ನಿಜವಾದ ಮರ ಯಾವುದು?

ಹಲಗೆಯ ಅಡ್ಡ ಕತ್ತರಿಸಿದ ತುದಿ ನೋಡಿ, ಗೊತ್ತಾಗುತ್ತದೆ. ಮೇಲಿಂದ ಕೆಳಗಿನವರೆಗೆ ಒಂದೇ ನಾರು ಇದ್ದರೆ ಅದು ಗಟ್ಟಿ ಮರ, ಸಾಮಾನ್ಯವಾಗಿ 18ರಿಂದ 20 ಮಿ.ಮೀ. ದಪ್ಪ. ಮೇಲೆ 2ರಿಂದ 4 ಮಿ.ಮೀ. ಮರ, ಕೆಳಗೆ ಪ್ಲೈವುಡ್ಡಿನಂತೆ ಅಡ್ಡಡ್ಡ ಪದರ ಕಂಡರೆ ಎಂಜಿನಿಯರ್ಡ್ ವುಡ್. ಕಂದು ಬಣ್ಣದ ಒತ್ತಿದ ಪುಡಿಯಂತಿದ್ದು ಮೇಲೆ ಮರದ ಚಿತ್ರವಿರುವ ತೆಳು ಪದರವಿದ್ದರೆ ಲ್ಯಾಮಿನೇಟ್. ಅದರ ಮೇಲೆ ಮರವೇ ಇಲ್ಲ, ಫೋಟೋ ಅಷ್ಟೆ. ಕಲ್ಲಿನ ಪುಡಿ ಮತ್ತು ಪ್ಲಾಸ್ಟಿಕ್ ಸೇರಿಸಿ ಮಾಡಿದ ಎಸ್‌ಪಿಸಿ ಹಲಗೆಯೂ ಇದೇ ಹೆಸರಿನಲ್ಲಿ ಮಾರಾಟವಾಗುತ್ತದೆ. ನೀರಿಗೆ ಅದು ಜಗ್ಗುವುದಿಲ್ಲ, ಆದರೆ ಮುಂದೆ ಉಜ್ಜಿ ಹೊಸದು ಮಾಡಲು ಆಗುವುದಿಲ್ಲ.

ಹೊಸಬರು ಯಾವುದರಿಂದ ಶುರು ಮಾಡಬೇಕು?

ಒಂದು ಮಲಗುವ ಕೋಣೆಗೆ, ಕ್ಲಿಕ್ ಜಾಯಿಂಟ್ ಇರುವ ಎಂಜಿನಿಯರ್ಡ್ ಹಲಗೆಯಿಂದ. ಮೊಳೆ ಇಲ್ಲ, ಅಂಟು ಇಲ್ಲ, 2 ಅಥವಾ 3 ಮಿ.ಮೀ. ಫೋಮ್ ಹಾಸಿ ಒಂದಕ್ಕೊಂದು ಸಿಕ್ಕಿಸುವುದು. ತಪ್ಪಾದರೆ ಬಿಚ್ಚಿ ಮತ್ತೆ ಜೋಡಿಸಬಹುದು. ಗಟ್ಟಿ ಮರವೇ ಬೇಕೆಂದರೆ ಕೆಳಗೆ ಪ್ಲೈ ಹಾಸಿ ಮೊಳೆ ಹೊಡೆಯಬೇಕು. ಮುಂದಿನ ಉತ್ತರಗಳಲ್ಲಿ ಹೆಚ್ಚಿನವು ಅದಕ್ಕೇ. ಅಡುಗೆಮನೆ, ಬಚ್ಚಲ ಬಾಗಿಲ ಮುಂದೆ, ವಾಷಿಂಗ್ ಮೆಷಿನ್ ಇರುವ ಕಡೆ ಎರಡೂ ಬೇಡ.

ಗಟ್ಟಿ ಮರದಲ್ಲಿ ಯಾವುದು ಒಳ್ಳೇದು? ಹುಣಸೂರಿಂದ ಮರ ತಂದು ಇಲ್ಲೇ ಕೊಯ್ಯಿಸಬಹುದಾ?

ಕೊಯ್ಯಿಸಬಹುದು. ಆದರೆ ಹಸಿ ಮರ ಕೊಯ್ಯಿಸಿ ತಿಂಗಳಿಗೆಲ್ಲ ನೆಲಕ್ಕೆ ಹೊಡೆದರೆ ಬೇಸಿಗೆಯಲ್ಲಿ ಸಂದುಗಳಿಗೆ ನಾಣ್ಯ ಇಳಿಯುತ್ತದೆ. ಸೀಸನಿಂಗ್ ಒಲೆಯಲ್ಲಿ ಒಣಗಿಸಿದ ಮರವನ್ನೇ ಕೇಳಿ, ತೇವ ಅಳೆಯುವ ಮೀಟರ್ ಹಿಡಿದು ನೋಡಿ, 9ರಿಂದ 11 ಶೇಕಡ ತೇವಾಂಶ ಇರಬೇಕು. 14 ತೋರಿಸಿದರೆ ಸದ್ಯಕ್ಕೆ ಬೇಡ ಎನ್ನಿ.

ತೇಗಕ್ಕೆ ಇರುವ ಹೆಸರು ಸುಮ್ಮನೆ ಬಂದದ್ದಲ್ಲ. ಹಿಗ್ಗುವುದು, ಕುಗ್ಗುವುದು ಕಡಿಮೆ, ಚೇಗಿಗೆ (ಮರದ ನಡುವಿನ ಗಟ್ಟಿ ಭಾಗಕ್ಕೆ) ಗೆದ್ದಲು ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಚೇಗಿನ ಸುತ್ತಲಿನ ಬಿಳಿ ಭಾಗಕ್ಕೆ ಆ ಗುಣವಿಲ್ಲ, ಕಡಿಮೆ ವಯಸ್ಸಿನ ತೋಟದ ತೇಗದಲ್ಲಿ ಆ ಬಿಳಿಯೇ ಹೆಚ್ಚು. ಹೊನ್ನೆ ಗಟ್ಟಿ, ನೋಡಲೂ ಚೆಂದ. ಸಕ್ಕರೆ ಕಾಯಿಲೆಗೆಂದು ಹೊನ್ನೆ ಲೋಟದಲ್ಲಿ ನೀರಿಟ್ಟು ಕುಡಿಯುತ್ತಾರಲ್ಲ, ಅದೇ ಬಣ್ಣ ಇಲ್ಲೂ ಬಿಡುತ್ತದೆ. ಪಾಲಿಷ್ ಆಗುವ ಮುಂಚೆ ಒದ್ದೆ ಬಟ್ಟೆ ಬಿದ್ದರೆ ಕಲೆ ನಿಲ್ಲುತ್ತದೆ. ಕೊಡಗಿನ ತೋಟಗಳಿಂದ ಬರುವ ಸಿಲ್ವರ್ ಓಕ್ ಅಗ್ಗ, ಆದರೆ ಮೆದು, ಹುಳು ಹಿಡಿಯುತ್ತದೆ. ನೆಲಕ್ಕೆ ಬೇಡ.

ಯಾರಿಂದ ಕೊಂಡರೂ ಬಿಲ್ ಮತ್ತು ಸಾಗಣೆ ಪಾಸು ಎರಡನ್ನೂ ಕೇಳಿ ಪಡೆಯಿರಿ. ಅರಣ್ಯ ಇಲಾಖೆಯ ಪಾಸಿಲ್ಲದ ತೇಗ ಗಾಡಿಯಲ್ಲಿ ಸಿಕ್ಕಿಬಿದ್ದರೆ ಉಳಿಸಿದ ದುಡ್ಡಿಗಿಂತ ಅಲೆದಾಟವೇ ಜಾಸ್ತಿ.

12 × 14 ಕೋಣೆಗೆ ಏನೇನು, ಎಷ್ಟೆಷ್ಟು ಬೇಕು?

ನೆಲ 168 ಚದರ ಅಡಿ. ಕತ್ತರಿಸುವಾಗ ಹೋಗುವುದಕ್ಕೆ ಹತ್ತು ಶೇಕಡ ಸೇರಿಸಿ 185 ಚದರ ಅಡಿ ಹಲಗೆ. ಪೆಟ್ಟಿಗೆಯಲ್ಲಿ 20 ಚದರ ಅಡಿ ಬರುವ ರೆಡಿ ಹಲಗೆಯಾದರೆ 10 ಪೆಟ್ಟಿಗೆ. ಮೀನಿನ ಮೂಳೆಯಂಥ ಓರೆ ವಿನ್ಯಾಸಕ್ಕೆ 15 ಶೇಕಡ ಸೇರಿಸಿ. ಮೊದಲ ಸಲಕ್ಕೆ ಆ ಆಸೆಯನ್ನು ಮುಂದಕ್ಕೆ ಹಾಕಿದರೆ ಇನ್ನೂ ಒಳ್ಳೆಯದು.

ಮರ ತಂದು ಕೊಯ್ಯಿಸುವುದಾದರೆ ಲೆಕ್ಕ ಬೇರೆ. 18 ಮಿ.ಮೀ. ಹಲಗೆ ಸಿಗಬೇಕಾದರೆ ಒಂದು ಇಂಚು ಕೊಯ್ಯಬೇಕು. ಮೇಲೆ ಕಾಣುವ ಅಗಲ 100 ಮಿ.ಮೀ. ಬರಲು, ನಾಲಿಗೆ (ಪಕ್ಕದ ಹಲಗೆಯ ಗ್ರೂವ್ ಎಂಬ ಕಾಲುವೆಯೊಳಗೆ ಕೂರುವ ಅಂಚು) ಮತ್ತು ಕೀಸುವುದು ಸೇರಿ 115 ಮಿ.ಮೀ. ಬೇಕು. ಆಗ ಸೈಜು ಮರವೇ (ಅಳತೆಗೆ ಕೊಯ್ದ ಮರ) 18ರಿಂದ 20 ಘನ ಅಡಿ ಆಗುತ್ತದೆ. ದಿಮ್ಮಿ ಲೆಕ್ಕದಲ್ಲಿ ಕೊಂಡರೆ ಸಿಪ್ಪೆ, ಗರಗಸದ ಪುಡಿ ಎಲ್ಲ ನಿಮ್ಮ ಲೆಕ್ಕಕ್ಕೇ.

ಉಳಿದದ್ದು: 8 × 4 ಅಡಿಯ 18 ಮಿ.ಮೀ. ಪ್ಲೈ 6 ಶೀಟು (ಐಎಸ್ 710 ಗುರುತಿನ ಮರೈನ್ ಪ್ಲೈ), 200 ಮೈಕ್ರಾನ್ ಪಾಲಿಥಿನ್ ಹಾಳೆ 200 ಚದರ ಅಡಿ, 50 ಮಿ.ಮೀ. ಸ್ಕ್ರೂ ಮತ್ತು ಪ್ಲಗ್ ತಲಾ 300, 38 ಮಿ.ಮೀ. ಮೊಳೆ ಸಾವಿರ, ಪಿಯು (ಪಾಲಿಯುರೆಥೇನ್) ಪಾಲಿಷ್ 5 ಲೀಟರ್, ಸುತ್ತ 52 ಅಡಿ ಸ್ಕರ್ಟಿಂಗ್ ಪಟ್ಟಿ. ಹೆಚ್ಚಿನವರು ಮರೆಯುವುದು ಬಾಗಿಲಿನಲ್ಲಿ ಎರಡು ನೆಲ ಸೇರುವ ಕಡೆ ಹಾಕುವ ಪಟ್ಟಿ. ಅದನ್ನೂ ಬರೆದುಕೊಳ್ಳಿ.

ನೆಲ ಒಣಗಿದೆ ಅಂತ ಹೇಗೆ ಗೊತ್ತಾಗುತ್ತೆ? ಕೈಯಿಟ್ಟರೆ ಒಣಗಿದ ಹಾಗೇ ಇದೆಯಲ್ಲ?

ಕೈಗೆ ಗೊತ್ತಾಗುವುದು ಮೇಲಿನ ಪದರ ಮಾತ್ರ. ಹೊಸ ಕಾಂಕ್ರೀಟ್ ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ತಿಂಗಳಂತೆ ಒಣಗುತ್ತದೆ. ನಾಲ್ಕು ಇಂಚಿನ ಬೆಡ್ ಹಾಕಿ ತಿಂಗಳಾಗಿದೆ, ಗೃಹಪ್ರವೇಶಕ್ಕೆ ಮುಂಚೆ ಮರ ಹಾಕಿಬಿಡೋಣ ಎನ್ನುವವರು ಇನ್ನೂ ಮೂರು ತಿಂಗಳು ತಡೆಯಬೇಕು.

ಪರೀಕ್ಷೆ ಸುಲಭ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲಿಟ್ಟು ನಾಲ್ಕೂ ಅಂಚಿಗೆ ಗಾಳಿ ಹೋಗದಂತೆ ಟೇಪು ಹಾಕಿ. ಕನಿಷ್ಠ 16 ಗಂಟೆ, ಸಾಧ್ಯವಾದರೆ ಎರಡು ರಾತ್ರಿ ಬಿಡಿ. ಬಿಚ್ಚಿದಾಗ ಹಾಳೆಯ ಒಳಗೆ ಹನಿ ಕಂಡರೆ, ಇಲ್ಲವೇ ಆ ಚೌಕದಷ್ಟು ನೆಲ ಸುತ್ತಲಿಗಿಂತ ಕಪ್ಪಾಗಿದ್ದರೆ ಮರ ಹಾಕಬೇಡಿ. ಕೋಣೆಯ ಮಧ್ಯೆ ಒಂದು, ಹೊರಗೋಡೆಯ ಪಕ್ಕ ಒಂದು, ಬಚ್ಚಲ ಗೋಡೆಯ ಪಕ್ಕ ಒಂದು, ಹೀಗೆ ಮೂರು ಕಡೆ ಮಾಡಿ. ಹನಿ ಕಂಡರೆ ನೆಲ ಹಸಿ ಎನ್ನುವುದು ಖಚಿತ. ಕಾಣದಿದ್ದರೆ ಒಣಗಿದೆ ಎಂದು ಪೂರ್ತಿ ನಂಬುವ ಹಾಗಿಲ್ಲ, ಅದಕ್ಕೇ ಮೀಟರೂ ಬೇಕು.

ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣದ ನಾಲೆ ಬಯಲಿನವರು ಇನ್ನೊಂದು ಗಮನಿಸಬೇಕು. ನಾಲೆಗೆ ನೀರು ಬಿಟ್ಟಾಗ ಬಾವಿ ನೀರು ಮೇಲೇರುವ ಜಾಗವಾದರೆ ಕೆಳಮನೆಯ ನೆಲಕ್ಕೂ ತೇವ ಏರುತ್ತದೆ. ಏಪ್ರಿಲ್‌ನಲ್ಲಿ ಪರೀಕ್ಷೆ ಮಾಡಿ ಚೆನ್ನಾಗಿದೆ ಎಂದುಕೊಂಡರೆ ಭತ್ತದ ನಾಟಿ ಹೊತ್ತಿಗೆ ಹಲಗೆ ಎದ್ದು ನಿಲ್ಲುತ್ತದೆ. ಗದ್ದೆಯಲ್ಲಿ ನೀರಿರುವಾಗ ಪರೀಕ್ಷೆ ಮಾಡಿ. ಗೋಡೆಯ ಬುಡದಲ್ಲಿ ಬಣ್ಣ ಉದುರಿ ಬಿಳಿ ಉಪ್ಪು ಕಾಣುತ್ತಿದ್ದರೆ ಪರೀಕ್ಷೆಯೂ ಬೇಡ. ಆ ಕೋಣೆಗೆ ಮರ ಬೇಡ, ಮಹಡಿಯಲ್ಲಿ ಹಾಕಿಕೊಳ್ಳಿ.

ದಸರಾಕ್ಕೆ ಮುಂಚೆ ಮುಗಿಸಬೇಕು. ಆಗಸ್ಟ್‌ನಲ್ಲಿ ಶುರು ಮಾಡಬಹುದಾ?

ಗೊಂಬೆ ಕೂರಿಸುವಷ್ಟರಲ್ಲಿ ಹೊಸ ನೆಲ ಬೇಕು ಎನ್ನುವುದು ಅರ್ಥವಾಗುತ್ತದೆ, ಆದರೆ ಮರಕ್ಕೆ ಆ ಕ್ಯಾಲೆಂಡರ್ ಒಗ್ಗುವುದಿಲ್ಲ. ಗಾಳಿಯ ತೇವ 30 ಶೇಕಡದ ಹತ್ತಿರ ನಿಂತರೆ ಮರದೊಳಗಿನ ತೇವ ಕಾಲಕ್ರಮೇಣ 6 ಶೇಕಡಕ್ಕೆ ಇಳಿಯುತ್ತದೆ, 50 ಇದ್ದರೆ 9ರ ಸುತ್ತ, 80 ಇದ್ದರೆ 16ರ ಹತ್ತಿರ. ಮಾರ್ಚ್ ಬಿಸಿಲಿಗೂ ಅಕ್ಟೋಬರ್ ಮಳೆಗೂ ನಡುವೆ ನಮ್ಮ ಮರ ಓಡಾಡುವುದು ಈ ಅಂಕಿಗಳ ಮಧ್ಯೆಯೇ.

ಇದರಿಂದ ಆಗುವುದೇನು? ತೇಗದ 100 ಮಿ.ಮೀ. ಹಲಗೆಯ ತೇವ 4 ಅಂಕಿ ಏರಿದರೆ ಅದು ಮುಕ್ಕಾಲು ಮಿ.ಮೀ.ನಷ್ಟು ಅಗಲವಾಗುತ್ತದೆ. ಒಂದು ಹಲಗೆಗೆ ಇದು ಏನೂ ಅಲ್ಲ. 12 ಅಡಿ ಅಗಲಕ್ಕೆ 36 ಹಲಗೆ ಸಾಲು ನಿಂತಾಗ ಅದೇ 27 ಮಿ.ಮೀ., ಒಂದು ಇಂಚಿಗೂ ಮೇಲೆ. ಮೊಳೆ ಸ್ವಲ್ಪ ತಡೆಯುತ್ತದೆ, ಪೂರ್ತಿ ತಡೆಯುವುದಿಲ್ಲ.

ಬೇಸಿಗೆಯಲ್ಲಿ ಬಿಗಿಯಾಗಿ ಹೊಡೆದ ನೆಲ ಮಳೆಗಾಲಕ್ಕೆ ಉಬ್ಬಿ ಏಳುತ್ತದೆ. ಮಳೆಗಾಲದಲ್ಲಿ ಹೊಡೆದದ್ದು ಬೇಸಿಗೆಗೆ ಸಂದು ಬಿಡುತ್ತದೆ. ಎರಡರಲ್ಲಿ ಸಂದು ಬಿಡುವುದೇ ವಾಸಿ, ಕಣ್ಣಿಗೆ ಕಾಣುತ್ತದೆ ಅಷ್ಟೆ, ನೆಲ ಕಿತ್ತು ಬರುವುದಿಲ್ಲ. ಆಯ್ಕೆ ನಿಮ್ಮದೇ ಆದರೆ ನವೆಂಬರ್ ಕೊನೆಯಿಂದ ಜನವರಿವರೆಗೆ ಮಾಡಿ.

ಹಳೇ ಟೈಲ್ಸ್ ಒಡೆಸಬೇಕಾ? ರೆಡ್ ಆಕ್ಸೈಡ್ ಮೇಲೆ ಹಾಕಬಹುದಾ?

ಟೈಲ್ಸ್ ಒಡೆಸಬೇಕಿಲ್ಲ. ನಾಣ್ಯ ಹಿಡಿದು ಒಂದೊಂದನ್ನೂ ತಟ್ಟಿ. ಟೊಳ್ಳು ಸದ್ದು ಬರುವುದನ್ನು ಮಾತ್ರ ಕಿತ್ತು ಗಾರೆ ತುಂಬಿಸಿ. ಕ್ಲಿಕ್ ಹಲಗೆ ನೇರವಾಗಿ ಫೋಮ್ ಮೇಲೆ ಕೂರುತ್ತದೆ.

ಅಗ್ರಹಾರ, ಚಾಮುಂಡಿಪುರಂ ಕಡೆಯ ಹಳೆಯ ಮನೆಗಳಲ್ಲಿ ಎಣ್ಣೆ ಕುಡಿದು ಹೊಳೆಯುವ ರೆಡ್ ಆಕ್ಸೈಡ್ ಇದ್ದರೆ ದಯವಿಟ್ಟು ಮುಚ್ಚಬೇಡಿ. ಅಂಥ ನೆಲ ಹಾಕುವ ಕೈಗಳೇ ಈಗ ಕಡಿಮೆ, ಇದು ಒಂದು ಕಾರಣ. ಇನ್ನೊಂದು ಕಾರಣ ತೇವ. ಆ ಕಾಲದ ನೆಲಗಳಡಿ ಬಹುಪಾಲು ಪ್ಲಾಸ್ಟಿಕ್ ಹಾಳೆ ಇರುವುದಿಲ್ಲ, ಏರಿದ ತೇವ ಮೇಲೇ ಆರಿ ಹೋಗುತ್ತಿರುತ್ತದೆ. ಮೇಲೆ ಪಾಲಿಥಿನ್ ಹಾಸಿ ಬಾಯಿ ಕಟ್ಟಿದರೆ ಅದು ಗೋಡೆಗೆ ದಾರಿ ಹುಡುಕುತ್ತದೆ.

ನೆಲ ಎಷ್ಟು ಮಟ್ಟ ಇರಬೇಕು?

ಗಾರೆಯವರ ಬಳಿ ಇರುವ ಹತ್ತು ಅಡಿಯ ಅಲ್ಯೂಮಿನಿಯಂ ಪಟ್ಟಿ ಸಾಕು. ನೆಲದ ಮೇಲೆ ಎಲ್ಲ ದಿಕ್ಕಿಗೂ ಇಟ್ಟು ನೋಡಿ, ಪಟ್ಟಿಯಡಿ 5 ಮಿ.ಮೀ.ಗಿಂತ ಹೆಚ್ಚು ಸಂದು ಕಾಣಬಾರದು. ಇಲ್ಲಿ ರಸಮಟ್ಟಕ್ಕಿಂತ ಈ ಪಟ್ಟಿಯೇ ಮುಖ್ಯ. ನೆಲ ಒಂದು ಕಡೆಗೆ ಸ್ವಲ್ಪ ಇಳಿಜಾರಿದ್ದರೆ ಮರಕ್ಕೇನೂ ಆಗುವುದಿಲ್ಲ. ಗುಳಿ, ದಿಬ್ಬ ಇದ್ದರೆ ಪ್ರತಿ ಹೆಜ್ಜೆಗೂ ಕಿರ್ ಎನ್ನುತ್ತದೆ. ದಿಬ್ಬವನ್ನು ಗ್ರೈಂಡರ್‌ನಲ್ಲಿ ಉಜ್ಜಿಸಿ, ಗುಳಿಗೆ ಸೆಲ್ಫ್ ಲೆವೆಲಿಂಗ್ ಪುಡಿ ಕಲಸಿ ಸುರಿಯಿರಿ. ಸುರಿದ ಮೇಲೆ ಅದೂ ಒಣಗಬೇಕು, ಚೀಲದ ಮೇಲೆ ಬರೆದ ದಿನ ಲೆಕ್ಕ ಪಾಲಿಸಿ.

ಹಲಗೆ ಬಂದ ದಿನವೇ ಹೊಡೆಯಬಹುದಾ?

ಗಟ್ಟಿ ಮರವಾದರೆ ಬೇಡ. ಅದೇ ಕೋಣೆಯಲ್ಲಿ ಮಧ್ಯೆ ಮಧ್ಯೆ ರೀಪು ಕೊಟ್ಟು, ಗಾಳಿಯಾಡುವಂತೆ ಒಂದರ ಮೇಲೊಂದು ಜೋಡಿಸಿ ಒಂದು ವಾರ ಬಿಡಿ. ಪುಟ್ಟಿ, ಬಣ್ಣ, ಬಚ್ಚಲಿನ ಕೆಲಸ ಎಲ್ಲ ಮುಗಿದು ಕಿಟಕಿಗೆ ಗಾಜು ಕೂತಿರಬೇಕು. ಹಸಿ ಗಾರೆಯ ಕೋಣೆಯಲ್ಲಿಟ್ಟರೆ ಮರ ಆ ತೇವವನ್ನೇ ಕುಡಿಯುತ್ತದೆ. ದಿನಗಳನ್ನು ಎಣಿಸುವುದಕ್ಕಿಂತ ಮೀಟರ್ ನೋಡಿ: ಪ್ಲೈಗೂ ಹಲಗೆಗೂ ತೇವದ ವ್ಯತ್ಯಾಸ 2 ಅಂಕಿಯೊಳಗೆ ಬಂದರೆ ಹೊಡೆಯಬಹುದು. ಎಂಜಿನಿಯರ್ಡ್ ಹಲಗೆಯನ್ನು ಪೆಟ್ಟಿಗೆ ಒಡೆಯದೆ ಎರಡು ದಿನ ಮಲಗಿಸಿಟ್ಟರೆ ಸಾಕು.

ಬಾಗಿಲು ತಗಲುವುದಿಲ್ಲವಾ? ಹೊಸ್ತಿಲ ಕಥೆ ಏನು?

ಪ್ಲೈ 18, ಹಲಗೆ 18, ಒಟ್ಟು 36 ಮಿ.ಮೀ., ಹತ್ತಿರ ಹತ್ತಿರ ಒಂದೂವರೆ ಇಂಚು ನೆಲ ಏರುತ್ತದೆ. ಒಳಬಾಗಿಲುಗಳ ಬುಡ ಕತ್ತರಿಸಬೇಕು, ಬೀರುವಿನ ಬಾಗಿಲು ತೆರೆಯುತ್ತದೆಯೇ ನೋಡಬೇಕು. ಚೌಕಟ್ಟಿನ ಸುತ್ತ ಹಲಗೆಯನ್ನು ಕೊರೆಯುವ ಬದಲು ಚೌಕಟ್ಟಿನ ಬುಡವನ್ನೇ ಹಲಗೆ ದಪ್ಪಕ್ಕೆ ಕೊಯ್ದು ಅದರಡಿ ಹಲಗೆ ತೂರಿಸಿ. ಚೆಂದವೂ ಕಾಣುತ್ತದೆ, ಹಿಗ್ಗಲು ಜಾಗವೂ ಉಳಿಯುತ್ತದೆ.

ತಲೆಬಾಗಿಲಿನ ಕಡೆ ಎರಡು ಅಡಿ ಕಲ್ಲೋ ಟೈಲ್ಸೋ ಹಾಗೇ ಬಿಡಿ. ದಿನಾ ಬೆಳಿಗ್ಗೆ ಹೊಸ್ತಿಲು ತೊಳೆದು ಅರಿಶಿನ ಹಚ್ಚಿ ರಂಗೋಲಿ ಇಡುವ ಮನೆಯಲ್ಲಿ ಮೊದಲು ಕೊಳೆಯುವುದು ಹೊಸ್ತಿಲಿಗೆ ಅಂಟಿದ ಆ ಒಂದು ಹಲಗೆ. ನೀರು ಅದರ ಗ್ರೂವ್ ಒಳಗೆ ಇಳಿದು ಕೂರುತ್ತದೆ, ಮೇಲಿನ ಪಾಲಿಷ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಪ್ಲೈ ಹಾಸುವುದು ಹೇಗೆ?

ಮೊದಲು ಪಾಲಿಥಿನ್, ಒಂದರ ಮೇಲೊಂದು ಆರು ಇಂಚು ಬರುವಂತೆ, ಸೇರುವ ಕಡೆ ಟೇಪು. ಶೀಟನ್ನು 4 × 4 ಅಡಿಗೆ ಕತ್ತರಿಸಿ ಇಟ್ಟಿಗೆ ಸಾಲಿನಂತೆ ಜೋಡು ತಪ್ಪಿಸಿ ಹಾಸಿ. ಶೀಟುಗಳ ನಡುವೆ 3 ಮಿ.ಮೀ., ಗೋಡೆಗೆ 15 ಮಿ.ಮೀ. ಬಿಡಿ. ಒಂದಡಿಗೊಂದು ಸ್ಕ್ರೂ, ತಲೆ ಪ್ಲೈ ಒಳಗೆ ಮುಳುಗಬೇಕು.

ಕೊರೆಯುವ ಮುಂಚೆ ಒಂದು ಮಾತು. ನಮ್ಮ ಮನೆಗಳಲ್ಲಿ ನೀರಿನ ಪೈಪು, ವೈರಿಂಗ್ ಪೈಪು ನೆಲದೊಳಗೇ ಹೋಗಿರುತ್ತದೆ. ಬಚ್ಚಲ ಗೋಡೆಯಿಂದ ಎರಡು ಅಡಿಯೊಳಗೆ ಸ್ಕ್ರೂ ಬದಲು ಅಂಟು ಬಳಸಿ. ಉಳಿದ ಕಡೆ ಡ್ರಿಲ್ ಬಿಟ್‌ಗೆ 55 ಮಿ.ಮೀ.ನಲ್ಲಿ ಬಣ್ಣದ ಟೇಪು ಸುತ್ತಿಕೊಂಡು ಅಲ್ಲಿಗೇ ನಿಲ್ಲಿಸಿ.

ಮೊದಲ ಸಾಲು ಎಲ್ಲಿಂದ? ಗೋಡೆ ಹಿಡಿದೇ ಹೋದರೆ ಸಾಕಲ್ಲ?

ಗೋಡೆ ನಂಬಬೇಡಿ, ಹತ್ತರಲ್ಲಿ ಎಂಟು ಗೋಡೆ ನೇರವಿರುವುದಿಲ್ಲ. ಚಾಕ್ ದಾರ ಹಿಡಿದು ಗೆರೆ ಹೊಡೆಯಿರಿ, ಅಡ್ಡ ಗೋಡೆಗೆ ಅದು ಮೂಲೆಮಟ್ಟವಿದೆಯೇ ಎಂದು 3-4-5 ಅಡಿ ಲೆಕ್ಕದಲ್ಲಿ ನೋಡಿ: ಮೂಲೆಯಿಂದ ಒಂದು ಕಡೆ 3, ಇನ್ನೊಂದು ಕಡೆ 4 ಅಡಿಗೆ ಗುರುತು ಹಾಕಿದರೆ ಆ ಎರಡು ಗುರುತುಗಳ ನಡುವೆ 5 ಅಡಿ ಬರಬೇಕು.

ಕೊನೆಯ ಸಾಲಿನ ಲೆಕ್ಕವನ್ನು ಮೊದಲೇ ಹಾಕಬೇಕು. 12 ಅಡಿ ಎಂದರೆ 3658 ಮಿ.ಮೀ. ಹಲಗೆ ಹಿಗ್ಗಲು ಎರಡೂ ಗೋಡೆ ಕಡೆ 18 ಬಿಟ್ಟರೆ 3622 ಉಳಿಯಿತು. 100 ಮಿ.ಮೀ. ಹಲಗೆ 36 ಸಾಲು ಹಾಕಿದರೆ ಕೊನೆಗೆ 22 ಮಿ.ಮೀ. ಸೀಳು ಉಳಿಯುತ್ತದೆ. ಅಷ್ಟು ಸಣ್ಣ ಸೀಳಿಗೆ ಮೊಳೆ ಹೊಡೆದರೆ ಒಡೆಯುತ್ತದೆ, ನೋಡಲೂ ತೇಪೆ ಹಾಕಿದ ಹಾಗಿರುತ್ತದೆ. ಅದರ ಬದಲು 35 ಪೂರ್ತಿ ಸಾಲು ಇಟ್ಟುಕೊಂಡು ಮಿಕ್ಕ 122ನ್ನು ಅರ್ಧ ಮಾಡಿ, ಮೊದಲ ಸಾಲೂ ಕೊನೆಯ ಸಾಲೂ 61 ಮಿ.ಮೀ.ಗೆ ಸೀಳಿ. ಎರಡೂ ಗೋಡೆಯ ಬಳಿ ಒಂದೇ ಥರ ಕಾಣುತ್ತದೆ.

ಮೊಳೆ ಎಲ್ಲಿ, ಹೇಗೆ ಹೊಡೆಯಬೇಕು?

ಮೊದಲ ಸಾಲಿಗೆ ಗೋಡೆ ಕಡೆಯ ಅಂಚಿನಲ್ಲಿ ಮೇಲಿಂದಲೇ ಹೊಡೆಯಿರಿ, ಸ್ಕರ್ಟಿಂಗ್ ಮುಚ್ಚಿಕೊಳ್ಳುತ್ತದೆ. ಆಮೇಲಿನದೆಲ್ಲ ನಾಲಿಗೆಯ ಬುಡದಲ್ಲಿ 45 ಡಿಗ್ರಿ ಓರೆಗೆ, ಎಂಟು ಇಂಚಿಗೊಂದು, ತುದಿಯಿಂದ ಎರಡು ಇಂಚು ಬಿಟ್ಟು. ಕೈಯಲ್ಲಿ ಹೊಡೆಯುವುದಾದರೆ ಮೊದಲು ಸಣ್ಣ ತೂತು ಕೊರೆಯಿರಿ, ತೇಗದ ನಾಲಿಗೆ ಬೇಗ ಸೀಳುತ್ತದೆ. ಕೊನೆಯ ಅರ್ಧ ಇಂಚನ್ನು ಪಂಚ್ ಇಟ್ಟು ಕೂರಿಸಿ. ಮೊಳೆ ತಲೆ ಒಂದು ಕೂದಲೆಳೆ ಮೇಲಿದ್ದರೂ ಮುಂದಿನ ಹಲಗೆ ಮುಚ್ಚಿಕೊಳ್ಳುವುದಿಲ್ಲ.

38 ಮಿ.ಮೀ. ಮೊಳೆಯೇ ಏಕೆ? ಓರೆಯಲ್ಲಿ ಹೋದಾಗ ಅದು ಇಳಿಯುವುದು 27 ಮಿ.ಮೀ. ಹಲಗೆಯೊಳಗೆ ಸುಮಾರು 10 ಹೋಗಿ, ಪ್ಲೈ ಒಳಗೆ 17 ಹಿಡಿಯುತ್ತದೆ. 50 ಮಿ.ಮೀ. ಮೊಳೆ ಹೊಡೆದರೆ ತುದಿ ಕಾಂಕ್ರೀಟಿಗೆ ತಗಲಿ ವಾಪಸ್ ತಳ್ಳುತ್ತದೆ, ಹಲಗೆ ಕೂರುವುದಿಲ್ಲ. 12 ಮಿ.ಮೀ. ಪ್ಲೈ ಸಾಕು ಎನ್ನುವವರ ಮಾತು ಕೇಳಬಾರದು ಎನ್ನುವುದೂ ಇದಕ್ಕೇ.

ಅಕ್ಕಪಕ್ಕದ ಸಾಲಿನ ಜೋಡು ಆರು ಇಂಚಿಗಿಂತ ಹತ್ತಿರ ಬರದಂತೆ ನೋಡಿ. ಹೊಡೆಯುವ ಮುಂಚೆ ಆರೇಳು ಸಾಲು ಸುಮ್ಮನೆ ಹಾಸಿ ಎದ್ದು ನಿಂತು ನೋಡಿದರೆ ಬಣ್ಣ, ಜೋಡು ಎರಡೂ ಕಣ್ಣಿಗೆ ಬೀಳುತ್ತದೆ.

ಗೋಡೆ ಪಕ್ಕ ಬಿಟ್ಟ ಸಂದಿಗೆ ಸಿಮೆಂಟ್ ತುಂಬಬಹುದಾ?

ಬೇಡವೇ ಬೇಡ. ಅದು ಮರ ಹಿಗ್ಗುವ ಜಾಗ. ಸ್ಕರ್ಟಿಂಗನ್ನೂ ಗೋಡೆಗೆ ಹೊಡೆಯಬೇಕು, ಹಲಗೆಗಲ್ಲ.

ಕಾರ್ಪೆಂಟರ್ ಮೆಲಮೈನ್ ಪಾಲಿಷ್ ಮಾಡ್ತೀನಿ ಅಂತಾರೆ. ಸರಿಯಾ?

ಬಾಗಿಲಿಗೆ, ಮಂಚಕ್ಕೆ ಸರಿ, ನೆಲಕ್ಕಲ್ಲ. ಮೆಲಮೈನ್ ಗಟ್ಟಿಯಾದರೂ ಬಿರುಸು, ಹಲಗೆ ಹಿಗ್ಗಿ ಕುಗ್ಗುವಾಗ ಸಂದಿನಲ್ಲಿ ಒಡೆಯುತ್ತದೆ. ನೆಲಕ್ಕೆಂದೇ ಇರುವ ಪಿಯು ಕೇಳಿ. 60, 80, 120 ನಂಬರಿನ ಸ್ಯಾಂಡ್ ಪೇಪರ್ ಕ್ರಮವಾಗಿ, ನಾರಿನ ಉದ್ದಕ್ಕೇ ಉಜ್ಜಿ, ಧೂಳು ಪೂರ್ತಿ ಹೀರಿಸಿ ಮೂರು ಕೋಟ್ ಕೊಡಿ. ಲೀಟರಿಗೆ ಒಂದು ಕೋಟಿನ ಲೆಕ್ಕದಲ್ಲಿ 100ರಿಂದ 120 ಚದರ ಅಡಿ ಬರುತ್ತದೆ. ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ. ಪಿಯು ಬದಲು ಅಗಸೆ ಎಣ್ಣೆಯಂಥ ಒಣಗುವ ಎಣ್ಣೆ ಬಳಿದರೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ.

ಗೆದ್ದಲು?

ಪ್ಲೈ ಹಾಸುವ ಮುಂಚೆಯೇ ಔಷಧಿ ಹೊಡೆಸಬೇಕು. ಗೋಡೆ ನೆಲ ಸೇರುವ ಕಡೆ ಒಂದಡಿಗೊಂದರಂತೆ 12 ಮಿ.ಮೀ. ತೂತು ಕೊರೆದು ಔಷಧಿ ತುಂಬಿ ಮುಚ್ಚುತ್ತಾರೆ. ನೀವೇ ಮಾಡುವ ಕೆಲಸವಲ್ಲ ಇದು, ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸಿ. ಹೊಸ ಪ್ಲೈ ಎಂದ ಮಾತ್ರಕ್ಕೆ ಗೆದ್ದಲು ಬಿಡುವುದಿಲ್ಲ.

ಹಲಗೆಯ ಅಂಚು ಎದ್ದು ಮಧ್ಯ ತಗ್ಗಾಗಿದೆ. ಉಜ್ಜಿಸಿಬಿಡಲಾ?

ತಡೆಯಿರಿ. ಅಂಚು ಎದ್ದಿದೆ ಎಂದರೆ ಕೆಳಗಿನಿಂದ ತೇವ ಬರುತ್ತಿದೆ. ಮೊದಲು ಅದು ಎಲ್ಲಿಂದ ಎಂದು ಹುಡುಕಿ: ಸೋರುವ ಪೈಪೋ, ಬಚ್ಚಲ ಗೋಡೆಯೋ, ಹೊರಗಿನ ಮಣ್ಣು ನೆಲಮಟ್ಟಕ್ಕಿಂತ ಮೇಲಿದೆಯೋ. ಅದನ್ನು ಸರಿಪಡಿಸಿ ಫ್ಯಾನ್ ಹಾಕಿ ಒಣಗಲು ಬಿಟ್ಟರೆ ಎಷ್ಟೋ ಹಲಗೆ ತಾನೇ ಮಟ್ಟಕ್ಕೆ ಬರುತ್ತದೆ. ಹಸಿಯಿದ್ದಾಗಲೇ ಉಜ್ಜಿಸಿದರೆ ಅಂಚು ಸವೆದು, ಒಣಗಿದ ಮೇಲೆ ಮಧ್ಯ ಉಬ್ಬಿ ನಿಲ್ಲುತ್ತದೆ. ಆಮೇಲೆ ಅದನ್ನೂ ಉಜ್ಜಬೇಕು.

ನೆಲವೇ ಗುಡಾರದಂತೆ ಎದ್ದಿದ್ದರೆ ಸ್ಕರ್ಟಿಂಗ್ ಬಿಚ್ಚಿ ನೋಡಿ, ಹಲಗೆ ಗೋಡೆಗೆ ಒತ್ತಿಕೊಂಡಿರುತ್ತದೆ. ಗೋಡೆ ಪಕ್ಕದ ಸಾಲನ್ನು 10 ಮಿ.ಮೀ. ಕೊಯ್ದರೆ ಹೆಚ್ಚಿನ ಸಲ ಇಳಿಯುತ್ತದೆ. ಮಾರ್ಚ್‌ನಲ್ಲಿ ಸಂದು ಕಂಡರೆ ಪುಟ್ಟಿ ತುಂಬಬೇಡಿ, ಮಳೆಗಾಲ ಕಳೆಯಲಿ. ತುಂಬಿದರೆ ಜುಲೈನಲ್ಲಿ ಆ ಪುಟ್ಟಿಯೇ ಹಲಗೆಯನ್ನು ಎಬ್ಬಿಸುತ್ತದೆ.

ಒರೆಸುವುದು ಹೇಗೆ? ಕೆಲಸದವರು ಬಕೆಟ್ ತುಂಬ ಫಿನಾಯಿಲ್ ನೀರು ಹಾಕ್ತಾರೆ.

ಅದನ್ನು ನಿಲ್ಲಿಸಿ. ಚೆನ್ನಾಗಿ ಹಿಂಡಿದ ಬಟ್ಟೆ, ಒರೆಸಿದ ಎರಡು ನಿಮಿಷಕ್ಕೆ ನೆಲ ತಾನೇ ಆರಬೇಕು. ದೀಪದ ಎಣ್ಣೆ, ಕುಂಕುಮ, ಅರಿಶಿನ ಬಿದ್ದ ತಕ್ಷಣ ಒಣಬಟ್ಟೆಯಲ್ಲಿ ತೆಗೆಯಿರಿ. ಗೊಂಬೆ ಮೆಟ್ಟಿಲು ನಿಲ್ಲಿಸುವ ಮನೆಯವರು ಕಬ್ಬಿಣದ ಕಾಲುಗಳಡಿ ಪ್ಲೈ ತುಂಡು ಕೊಡಿ. ಪಾಲಿಷ್ ಆದ ಮೂರು ದಿನಕ್ಕೆ ಮಂಚ, ಕುರ್ಚಿ ಇಡಬಹುದು, ಜಮಖಾನೆಗೆ ಎರಡು ವಾರ ಕಾಯಿರಿ. ಮಿಕ್ಕ ನಾಲ್ಕೈದು ಹಲಗೆಯನ್ನು ಒಲೆಗೆ ಹಾಕದೆ ಅಟ್ಟದ ಮೇಲೆ ಮಲಗಿಸಿಡಿ. ಅದೇ ಮರ, ಅದೇ ಅಳತೆ ಐದು ವರ್ಷದ ಮೇಲೆ ಹುಡುಕಿದರೂ ಸಿಗುವುದಿಲ್ಲ.